ಲೈಬ್ರರಿ ಇದೆ, ಆದರೂ ಕಂಪೈಲರ್‌ಗೆ ಸಿಗುತ್ತಿಲ್ಲ: ಯಾಕೆ, ಏನು ಮಾಡಬೇಕು?

2025ರ ಮೇ ತಿಂಗಳಿಗೆ ಉಬುಂಟು ಲಿನಕ್ಸ್‌ನ 20.04 ಆವೃತ್ತಿಯ ಸಾಮಾನ್ಯ ಬೆಂಬಲ ಮುಗಿಯಿತು. ಅದನ್ನೇ ನೆಚ್ಚಿಕೊಂಡಿದ್ದ ಎಷ್ಟೋ ಜನ 22.04ಕ್ಕೋ 24.04ಕ್ಕೋ ಏರಬೇಕಾಯಿತು. ಅಪ್‌ಗ್ರೇಡ್ ಸಲೀಸಾಗಿಯೇ ಆಗುತ್ತದೆ. ಬ್ರೌಸರ್ ತೆರೆಯುತ್ತದೆ, ವೈಫೈ ಬರುತ್ತದೆ. ಆಮೇಲೆ ಹಳೇ ಪ್ರಾಜೆಕ್ಟ್ ತೆಗೆದು ಬಿಲ್ಡ್ ಕೊಟ್ಟರೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಮಾಡಲು ಕಂಪೈಲರ್‌ಗೆ ಕೊಟ್ಟರೆ, ಒಂದು ಸಾಲು ಬಂದು ಎಲ್ಲವೂ ನಿಂತುಬಿಡುತ್ತದೆ. 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್' ಎಂದು ಶುರುವಾಗಿ, ನಡುವೆ ಒಂದು ಫೈಲ್ ಹೆಸರು, ಕೊನೆಗೆ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'.

ಆ ಫೈಲ್ ಹೆಸರು ಒಬ್ಬೊಬ್ಬರಿಗೆ ಒಂದೊಂದು. ಹಳೇ ಡೀಬಗರ್ ಬಳಸುವವರಿಗೆ ಲಿಬ್‌ಟಿನ್‌ಫೋ.ಎಸ್‌ಒ.5. ನೆಟ್‌ವರ್ಕ್ ಸಂಬಂಧದ ಟೂಲ್ ಆದರೆ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1. ಇನ್ನೂ ಹಳೆಯ, ಉಬುಂಟು 16.04ರ ಕಾಲದ ಕ್ರಾಸ್ ಕಂಪೈಲರ್ (ಬೇರೆ ಬಗೆಯ ಯಂತ್ರಕ್ಕೆ ಪ್ರೋಗ್ರಾಂ ತಯಾರಿಸುವ ಕಂಪೈಲರ್) ಇಟ್ಟುಕೊಂಡಿದ್ದರೆ ಲಿಬ್‌ಎಂಪಿಎಫ್‌ಆರ್.ಎಸ್‌ಒ.4, ಅಂದರೆ ಎಂಪಿಎಫ್‌ಆರ್ ಎಂಬ ಗಣಿತ ಲೈಬ್ರರಿಯ ಫೈಲ್. 'ಇಲ್ಲ ಅಂತಿದೆ ಅಲ್ವಾ, ಹಾಕಿಬಿಡೋಣ' ಎಂದು ಪ್ಯಾಕೇಜ್ ಮ್ಯಾನೇಜರ್ ಕೇಳಿದರೆ ಅದು 'ಎಂಪಿಎಫ್‌ಆರ್ ಆಗಲೇ ಇದೆ, ಹೊಸದೇ ಇದೆ' ಎನ್ನುತ್ತದೆ. ಒಬ್ಬರು ಇದೆ ಅಂತಾರೆ, ಒಬ್ಬರು ಇಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈ ಗೊಂದಲ ಬಿಡಿಸಲು ಪ್ರೋಗ್ರಾಮಿಂಗ್ ಪಂಡಿತರಾಗಬೇಕಿಲ್ಲ. ಯಾರು ಕೇಳುತ್ತಿದ್ದಾರೆ, ಯಾವ ಹೆಸರು ಹಿಡಿದು ಕೇಳುತ್ತಿದ್ದಾರೆ, ಎಲ್ಲೆಲ್ಲಿ ಹುಡುಕುತ್ತಿದ್ದಾರೆ, ಈ ಮೂರು ಗೊತ್ತಾದರೆ ಸಾಕು. ಇಲ್ಲಿ ಹೇಳುವುದು ಲಿನಕ್ಸ್ ವಿಷಯ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

## ಶೇರ್ಡ್ ಲೈಬ್ರರಿ ಅಂದರೇನು?

ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ಯಾವ ಪ್ರೋಗ್ರಾಂ ಬೇಕಾದರೂ ಕರೆದು ಬಳಸಬಹುದಾದ ಕೋಡ್. ಗುಪ್ತಲಿಪಿ ಮಾಡಲು ಓಪನ್‌ಎಸ್‌ಎಸ್‌ಎಲ್, ಫೈಲ್ ಕುಗ್ಗಿಸಲು ಝಡ್‌ಲಿಬ್, ದೊಡ್ಡ ಸಂಖ್ಯೆಗಳ ಲೆಕ್ಕಕ್ಕೆ ಜಿಎಂಪಿ. ಇವನ್ನು ಪ್ರೋಗ್ರಾಂ ಜೊತೆ ಸೇರಿಸಲು ಎರಡು ದಾರಿಗಳಿವೆ. ಒಂದು, ಬಿಲ್ಡ್ ಮಾಡುವಾಗಲೇ ಲೈಬ್ರರಿಯ ಕೋಡನ್ನು ಪ್ರೋಗ್ರಾಂ ಒಳಗೆ ನಕಲು ಮಾಡಿಬಿಡುವುದು. ಇದು ಸ್ಟ್ಯಾಟಿಕ್ ಲಿಂಕಿಂಗ್. ಇನ್ನೊಂದು, 'ನನಗೆ ಇಂಥ ಲೈಬ್ರರಿ ಬೇಕು' ಎಂದು ಹೆಸರು ಮಾತ್ರ ಬರೆದಿಟ್ಟು, ಓಡುವ ಹೊತ್ತಿಗೆ ಸಿಸ್ಟಮ್‌ನಲ್ಲಿ ಇರುವುದನ್ನು ತೆಗೆದುಕೊಳ್ಳುವುದು. ಇದು ಡೈನಮಿಕ್ ಲಿಂಕಿಂಗ್. ಹೀಗೆ ಎಲ್ಲರೂ ಹಂಚಿಕೊಳ್ಳುವ ಲೈಬ್ರರಿಯೇ ಶೇರ್ಡ್ ಲೈಬ್ರರಿ.

ಹಳ್ಳಿಗಳಲ್ಲಿ ಮದುವೆ ಅಡುಗೆಗೆ ಬೇಕಾದ ಕೊಪ್ಪರಿಗೆ, ಹಂಡೆಗಳನ್ನು ದೇವಸ್ಥಾನದಲ್ಲಿ ಇಟ್ಟಿರುತ್ತಾರೆ. ಬೇಕಾದ ಮನೆಯವರು ತಂದು ಬಳಸಿ ವಾಪಸ್ ಇಡುತ್ತಾರೆ. ಪ್ರತಿ ಮನೆಯವರೂ ಅಷ್ಟು ದೊಡ್ಡ ಪಾತ್ರೆ ಕೊಂಡು ಅಟ್ಟದ ಮೇಲೆ ಇಡುವುದಿಲ್ಲ. ಜಾಗ ಉಳಿಯುತ್ತದೆ, ತೂತು ಬಿದ್ದರೆ ಒಂದು ಕಡೆ ಬೆಸುಗೆ ಹಾಕಿಸಿದರೆ ಊರಿಗೆಲ್ಲ ಸರಿಹೋಗುತ್ತದೆ. ಆದರೆ ದೇವಸ್ಥಾನದವರು ಹಳೇ ಪಾತ್ರೆ ಮಾರಿ ಬೇರೆ ಅಳತೆಯದ್ದು ತಂದಿಟ್ಟರೆ, ಹಳೇ ಅಳತೆಗೆ ಒಲೆ ಹಾಕಿಕೊಂಡ ಮನೆಯವರು ಪೇಚಿಗೆ ಸಿಕ್ಕುತ್ತಾರೆ.

ಒಂದು ಕಡೆ ಸರಿಮಾಡಿದರೆ ಎಲ್ಲರಿಗೂ ಸರಿಹೋಗುತ್ತದೆ ಅನ್ನುವುದು ಸಣ್ಣ ಲಾಭವಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ಭದ್ರತಾ ದೋಷ ಬಯಲಾಯಿತು. ಶೇರ್ಡ್ ಲೈಬ್ರರಿಯಾಗಿ ಬಳಸುತ್ತಿದ್ದ ಸರ್ವರ್‌ಗಳಲ್ಲಿ ಆ ಒಂದು ಪ್ಯಾಕೇಜ್ ಬದಲಿಸಿ, ಪ್ರೋಗ್ರಾಂಗಳನ್ನು ಮರುಚಾಲನೆ ಮಾಡಿದರೆ ಆ ತೂತು ಮುಚ್ಚುತ್ತಿತ್ತು. ಒಳಗೇ ನಕಲು ಮಾಡಿಕೊಂಡಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಹುಡುಕಿ ಮತ್ತೆ ಬಿಲ್ಡ್ ಮಾಡಬೇಕಾಯಿತು. ಉಬುಂಟು, ಫೆಡೊರಾದಂಥ ಲಿನಕ್ಸ್ ಡಿಸ್ಟ್ರೊಗಳು ಶೇರ್ಡ್ ಲೈಬ್ರರಿಯನ್ನೇ ಹಿಡಿದುಕೊಂಡಿರುವುದಕ್ಕೆ ಇದು ಮುಖ್ಯ ಕಾರಣ.

## ಹುಡುಕುವವರು ಇಬ್ಬರು

ಜಾಸ್ತಿ ಜನ ಎಡವುವುದು ಇಲ್ಲೇ. ಲೈಬ್ರರಿಯನ್ನು ಹುಡುಕುವ ಕೆಲಸ ಎರಡು ಬಾರಿ ನಡೆಯುತ್ತದೆ. ಹುಡುಕುವವರೂ ಬೇರೆ ಬೇರೆ.

ಮೊದಲನೆಯದು ಲಿಂಕರ್. ಬಿಲ್ಡ್‌ನ ಕೊನೆ ಹಂತದಲ್ಲಿ ತುಂಡುಗಳನ್ನೆಲ್ಲ ಜೋಡಿಸಿ ಓಡಿಸಬಹುದಾದ ಫೈಲ್ ಮಾಡುವುದು ಅದರ ಕೆಲಸ. ಎಂಪಿಎಫ್‌ಆರ್ ಬೇಕು ಎಂದು ಹೇಳಿದರೆ ಅದು ಲಿಬ್‌ಎಂಪಿಎಫ್‌ಆರ್.ಎಸ್‌ಒ ಎಂಬ, ಮುಂದೆ ನಂಬರೇ ಇಲ್ಲದ ಫೈಲ್ ಹುಡುಕುತ್ತದೆ. ಸಿಗದಿದ್ದರೆ 'ಕೆನಾಟ್ ಫೈಂಡ್' ಎಂದು ಹೇಳಿ, ಹೈಫನ್ ಮತ್ತು ಎಲ್ ಅಕ್ಷರದ ಜೊತೆ ಲೈಬ್ರರಿಯ ಹೆಸರು ತೋರಿಸುತ್ತದೆ.

ಎರಡನೆಯದು ಲೋಡರ್. ಪ್ರೋಗ್ರಾಂ ಓಡಲು ಶುರುವಾದಾಗ, ಅದರ ಮೊದಲ ಸಾಲಿಗಿಂತಲೂ ಮುಂಚೆ ಕೆಲಸ ಮಾಡುವುದು ಇದು. ಪ್ರೋಗ್ರಾಂ ಒಳಗೆ ಬರೆದಿಟ್ಟ ಹೆಸರುಗಳನ್ನು ಓದಿ, ಒಂದೊಂದೇ ಲೈಬ್ರರಿ ಹುಡುಕಿ ಮೆಮೊರಿಗೆ ತರುತ್ತದೆ. ಇದು ಹುಡುಕುವುದು ನಂಬರ್ ಇರುವ ಹೆಸರನ್ನು. ಅಂದರೆ ಲಿಬ್‌ಎಂಪಿಎಫ್‌ಆರ್.ಎಸ್‌ಒ.6 ಎಂಬಂಥದ್ದನ್ನು. 'ಎರರ್ ವೈಲ್ ಲೋಡಿಂಗ್' ಎಂಬ ದೂರು ಕೊಡುವುದು ಇದೇ.

ಲಿಂಕರ್ ದೂರಿದರೆ ನಿಮಗೆ ಬೇಕಿರುವುದು ಡೆವಲಪ್‌ಮೆಂಟ್ ಪ್ಯಾಕೇಜ್. ಉಬುಂಟು, ಡೆಬಿಯನ್‌ನಲ್ಲಿ ಹೆಸರಿನ ಕೊನೆಗೆ 'ಡೆವ್', ಫೆಡೊರಾದಲ್ಲಿ 'ಡೆವೆಲ್' ಎಂದಿರುತ್ತದೆ. ನಂಬರ್ ಇಲ್ಲದ ಆ ಫೈಲೂ, ಲೈಬ್ರರಿಯಲ್ಲಿ ಯಾವ ಫಂಕ್ಷನ್‌ಗಳಿವೆ ಎಂದು ಕಂಪೈಲರ್‌ಗೆ ಹೇಳುವ ಹೆಡರ್ ಫೈಲ್‌ಗಳೂ ಅದರಲ್ಲೇ ಬರುತ್ತವೆ. ಬರೀ ಲೈಬ್ರರಿ ಪ್ಯಾಕೇಜ್ ಇದ್ದರೆ ಪ್ರೋಗ್ರಾಂ ಓಡುತ್ತದೆ, ಬಿಲ್ಡ್ ಆಗುವುದಿಲ್ಲ. ಲೋಡರ್ ದೂರಿದಾಗ ಡೆವ್ ಪ್ಯಾಕೇಜ್ ಮೇಲೆ ಡೆವ್ ಪ್ಯಾಕೇಜ್ ಹಾಕುತ್ತಾ ಕೂತರೆ ಸುಮ್ನೆ ಡಿಸ್ಕ್ ತುಂಬುತ್ತದೆ ಅಷ್ಟೇ.

'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬುದು ಇನ್ನೊಂದು ಬಗೆ. ಅಲ್ಲಿ ಫೈಲ್ ಸಿಕ್ಕಿಲ್ಲ ಅಂತಲ್ಲ, ಕರೆದ ಫಂಕ್ಷನ್ ಲಿಂಕರ್‌ಗೆ ಸಿಕ್ಕಿಲ್ಲ. ಎಷ್ಟೋ ಸಲ ಕಾರಣ ಬರೀ ಕ್ರಮ. ಲೈಬ್ರರಿಯ ಹೆಸರು ಕಮಾಂಡ್ ಸಾಲಿನಲ್ಲಿ ಅದನ್ನು ಬಳಸುವ ಫೈಲ್‌ಗಿಂತ ನಂತರ ಬರಬೇಕು. ಮೊದಲೇ ಬರೆದರೆ, 'ಇದು ಯಾರಿಗೂ ಬೇಕಿಲ್ಲ' ಎಂದು ಉಬುಂಟುವಿನ ಲಿಂಕರ್ ಅದನ್ನು ಬಿಟ್ಟುಬಿಡುತ್ತದೆ.

## ಒಂದೇ ಲೈಬ್ರರಿ, ಮೂರು ಹೆಸರು

ನಂಬರ್ ಇಲ್ಲದ ಹೆಸರು ಲಿಂಕರ್‌ಗೆ, ನಂಬರ್ ಇರುವ ಹೆಸರು ಲೋಡರ್‌ಗೆ ಎಂದೆ. ನಿಜವಾದ ಫೈಲ್‌ನ ಹೆಸರು ಇನ್ನೂ ಉದ್ದ ಇರುತ್ತದೆ, ಲಿಬ್‌ಎಂಪಿಎಫ್‌ಆರ್.ಎಸ್‌ಒ.6.1.0 ಎಂಬಂತೆ. ಮೊದಲ ಎರಡು ಸಾಮಾನ್ಯವಾಗಿ ಇದನ್ನು ತೋರಿಸುವ ಸಿಮ್‌ಲಿಂಕ್‌ಗಳು ಅಷ್ಟೇ.

ನಡುವಿನ ಹೆಸರಿಗೆ ಸೋನೇಮ್ ಎನ್ನುತ್ತಾರೆ. ಅದು ಲೈಬ್ರರಿ ಫೈಲ್ ಒಳಗೇ ಬರೆದಿರುತ್ತದೆ. ಬಿಲ್ಡ್ ಮಾಡುವಾಗ ಲಿಂಕರ್ ಅದನ್ನು ಓದಿ ಪ್ರೋಗ್ರಾಂ ಒಳಗೆ ನಕಲು ಮಾಡುತ್ತದೆ. ಲೈಬ್ರರಿ ಬರೆದವರು ಅದರ ಮೂಲಕ ಒಂದು ಮಾತು ಕೊಡುತ್ತಾರೆ: ಈ ನಂಬರ್ ಇರುವವರೆಗೆ ಹಳೇ ಪ್ರೋಗ್ರಾಂಗಳು ಮತ್ತೆ ಬಿಲ್ಡ್ ಮಾಡದೆಯೇ ನಡೆಯುತ್ತವೆ. ಫಂಕ್ಷನ್ ತೆಗೆದರೆ, ಡೇಟಾದ ಆಕಾರ ಬದಲಿಸಿದರೆ ಮಾತು ಮುರಿದಂತೆ, ಹಾಗಾಗಿ ನಂಬರ್ ಏರಿಸಬೇಕು.

ಈ ನಂಬರ್‌ಗೂ ಬಿಡುಗಡೆಯ ಆವೃತ್ತಿಗೂ ಹೊಂದಾಣಿಕೆ ಇರಬೇಕೆಂದೇನೂ ಇಲ್ಲ. ಎಂಪಿಎಫ್‌ಆರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 3ನೇ ಆವೃತ್ತಿಗಳ ಸೋನೇಮ್ ನಂಬರ್ 4. 2017ರ ಡಿಸೆಂಬರ್‌ನಲ್ಲಿ ಬಂದ 4.0 ಆವೃತ್ತಿಯ ಸೋನೇಮ್ ನಂಬರ್ 6. ಹಾಗಾಗಿ 'ಎಸ್‌ಒ.4 ಬೇಕು' ಎಂಬ ದೂರು ನೋಡಿ ಎಂಪಿಎಫ್‌ಆರ್ 4 ಡೌನ್‌ಲೋಡ್ ಮಾಡಿ ಬಿಲ್ಡ್ ಮಾಡಿದರೆ, ಎಲ್ಲಾ ಮುಗಿದ ಮೇಲೆ ಸಿಗುವುದು ಎಸ್‌ಒ.6. ದೂರು ಇದ್ದ ಹಾಗೇ ಇರುತ್ತದೆ. ಬೇಕಿದ್ದುದು 3.1.6ರಂಥ ಹಳೇ ಬಿಡುಗಡೆ.

ಮೊದಲಿನ ಜಗಳ ಇಲ್ಲಿ ಬಗೆಹರಿಯುತ್ತದೆ. ಪ್ಯಾಕೇಜ್ ಮ್ಯಾನೇಜರ್ 'ಇದೆ' ಎಂದಿದ್ದು ಎಸ್‌ಒ.6ರ ಬಗ್ಗೆ. ಕಂಪೈಲರ್ 'ಇಲ್ಲ' ಎಂದಿದ್ದು ಎಸ್‌ಒ.4ರ ಬಗ್ಗೆ.

## ಲೋಡರ್ ಎಲ್ಲೆಲ್ಲಿ ನೋಡುತ್ತದೆ?

ಲೋಡರ್ ಇಡೀ ಡಿಸ್ಕ್ ಜಾಲಾಡುವುದಿಲ್ಲ. ಅದಕ್ಕೊಂದು ಪಟ್ಟಿ ಇದೆ. ಪ್ರೋಗ್ರಾಂ ಫೈಲ್ ಒಳಗೇ ಆರ್‌ಪಾತ್ ಎಂಬ ದಾರಿ ಬರೆದಿದ್ದರೆ ಮೊದಲು ಅಲ್ಲಿ. ನಂತರ ಎಲ್‌ಡಿ_ಲೈಬ್ರರಿ_ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರುವ ಜಾಗಗಳಲ್ಲಿ. ನಂತರ, ಪ್ರೋಗ್ರಾಂ ಒಳಗೆ ರನ್‌ಪಾತ್ ಬರೆದಿದ್ದರೆ ಅಲ್ಲಿ. ಆಮೇಲೆ ಸಿಸ್ಟಮ್‌ನ ಕ್ಯಾಶ್. ಕೊನೆಗೆ ಲಿಬ್, ಯುಎಸ್‌ಆರ್ ಲಿಬ್‌ನಂಥ ಮಾಮೂಲಿ ಡೈರೆಕ್ಟರಿಗಳು.

ಆರ್‌ಪಾತ್, ರನ್‌ಪಾತ್ ಅವಳಿಗಳಂತೆ ಕಂಡರೂ ಎರಡು ವ್ಯತ್ಯಾಸಗಳಿವೆ. ರನ್‌ಪಾತ್ ಇದ್ದರೆ ಅದೇ ಫೈಲ್‌ನ ಆರ್‌ಪಾತ್‌ಗೆ ಬೆಲೆ ಇಲ್ಲ. ಇನ್ನೊಂದು ತಲೆನೋವಿನದು: ರನ್‌ಪಾತ್ ಅನ್ವಯಿಸುವುದು ಆ ಫೈಲ್ ನೇರವಾಗಿ ಕೇಳುವ ಲೈಬ್ರರಿಗಳಿಗೆ ಮಾತ್ರ. ಆ ಲೈಬ್ರರಿಗೆ ಬೇಕಾದ ಮತ್ತೊಂದು ಲೈಬ್ರರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. 'ದಾರಿ ಸರಿಯಾಗೇ ಇದೆ, ಒಂದು ಸಿಕ್ಕಿದೆ, ಪಕ್ಕದ್ದು ಸಿಗ್ತಿಲ್ಲ' ಎಂಬ ಸ್ಥಿತಿ ಬಂದರೆ ಇದನ್ನು ಅನುಮಾನಿಸಬೇಕು.

ಕ್ಯಾಶ್ ಎಂಬುದು ಎಲ್‌ಡಿಕಾನ್ಫಿಗ್ ಕಮಾಂಡ್ ತಯಾರಿಸಿಡುವ ಪಟ್ಟಿ. ಯಾವ ಡೈರೆಕ್ಟರಿಗಳನ್ನು ನೋಡಬೇಕು ಎಂಬುದು ಇಟಿಸಿ ಡೈರೆಕ್ಟರಿಯ ಒಂದು ಕಾನ್ಫಿಗ್ ಫೈಲ್‌ನಲ್ಲಿ ಇರುತ್ತದೆ. ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದು ಸಾಮಾನ್ಯವಾಗಿ ಯುಎಸ್‌ಆರ್/ಲೋಕಲ್ ಒಳಗೆ ಹೋಗಿ ಕೂರುತ್ತದೆ. ಉಬುಂಟು, ಡೆಬಿಯನ್ ಪಟ್ಟಿಯಲ್ಲಿ ಯುಎಸ್‌ಆರ್/ಲೋಕಲ್/ಲಿಬ್ ಮೊದಲೇ ಇದೆ, ಹಾಗಾಗಿ ರೂಟ್ ಅಧಿಕಾರದಲ್ಲಿ ಒಮ್ಮೆ ಎಲ್‌ಡಿಕಾನ್ಫಿಗ್ ಕೊಟ್ಟರೆ ಸಾಕು. ಫೆಡೊರಾ, ರೆಡ್ ಹ್ಯಾಟ್ ಕಡೆಯಲ್ಲಿ ಅದು ಪಟ್ಟಿಯಲ್ಲೇ ಇಲ್ಲ, ಸೇರಿಸಿಕೊಳ್ಳಬೇಕು.

ಸಿಮೇಕ್ ಎಂಬ ಬಿಲ್ಡ್ ಟೂಲ್ ಬಳಸುವವರಿಗೆ ಇಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. ಬಿಲ್ಡ್ ಡೈರೆಕ್ಟರಿಯಲ್ಲಿ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ, ಇನ್‌ಸ್ಟಾಲ್ ಮಾಡಿದ ಮೇಲೆ ಲೈಬ್ರರಿ ಇಲ್ಲ ಎನ್ನುತ್ತದೆ. ಇದು ಬಗ್ ಅಲ್ಲ. ಬಿಲ್ಡ್ ಮಾಡುವಾಗ ಪರೀಕ್ಷೆಗೆ ಅನುಕೂಲವಾಗಲಿ ಎಂದು ಸಿಮೇಕ್ ಆರ್‌ಪಾತ್ ಬರೆಯುತ್ತದೆ, ಇನ್‌ಸ್ಟಾಲ್ ಮಾಡುವಾಗ ಅಳಿಸಿಬಿಡುತ್ತದೆ. ಉಳಿಯಬೇಕಾದರೆ ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್ ಎಂಬ ವೇರಿಯಬಲ್‌ನಲ್ಲಿ ನಾವೇ ಹೇಳಬೇಕು. ಅಲ್ಲಿ ಡಾಲರ್ ಚಿಹ್ನೆ ಹಾಕಿ ಒರಿಜಿನ್ ಎಂದು ಬರೆದರೆ 'ಈ ಫೈಲ್ ಇರುವ ಡೈರೆಕ್ಟರಿ' ಎಂದರ್ಥ. ಫೋಲ್ಡರ್ ಎಲ್ಲಿಗೆ ಸಾಗಿಸಿದರೂ ಕೆಲಸ ಮಾಡುತ್ತದೆ.

## ಕಂಪೈಲರ್ ತಾನೇ ಓಡದಿದ್ದರೆ

ಕಂಪೈಲರ್ ಕೂಡ ಒಂದು ಪ್ರೋಗ್ರಾಂ. ಅದಕ್ಕೂ ಲೈಬ್ರರಿಗಳು ಬೇಕು. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಕಂಪೈಲರ್ ಜಿಸಿಸಿಗೆ ಬೇಕಾದವುಗಳಲ್ಲಿ ಮುಖ್ಯ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ. ಮೊದಲೆರಡು 2008ರ ಜಿಸಿಸಿ 4.3ರಿಂದ ಕಡ್ಡಾಯವಾದವು, ಎಂಪಿಸಿ 2010ರ 4.5ರಿಂದ.

ಸಿ ಕೋಡ್ ಅನುವಾದಿಸುವ ಪ್ರೋಗ್ರಾಂಗೆ ಇಷ್ಟೊಂದು ಗಣಿತ ಯಾಕೆ? ನೀವು ಕೋಡ್‌ನಲ್ಲಿ 0.5ರ ಸೈನ್ ಬೇಕು ಎಂದು ಬರೆದರೆ, ಕಂಪೈಲರ್ ಅದನ್ನು ಬಿಲ್ಡ್ ಸಮಯದಲ್ಲೇ ಲೆಕ್ಕ ಹಾಕಿ ಉತ್ತರ ತುಂಬಿಬಿಡಬಹುದು. ಪ್ರೋಗ್ರಾಂ ವೇಗವಾಗುತ್ತದೆ. ಆದರೆ ಲೆಕ್ಕಕ್ಕೆ ಆಯಾ ಯಂತ್ರದ ಗಣಿತ ಲೈಬ್ರರಿಯನ್ನೇ ನಂಬಿದರೆ ಒಂದೊಂದು ಯಂತ್ರದಲ್ಲಿ ಕೊನೆಯ ಅಂಕಿ ಒಂದೊಂದು ಥರ ಬರುವ ಸಾಧ್ಯತೆ ಇದೆ. ಎಂಪಿಎಫ್‌ಆರ್ ದಶಮಾಂಶ ಲೆಕ್ಕವನ್ನು ನಿಗದಿತ ನಿಯಮದಂತೆ ಸರಿಯಾಗಿ ದುಂಡಾಗಿಸಿ ಕೊಡುತ್ತದೆ. ಎಲ್ಲಿ ಕಂಪೈಲ್ ಮಾಡಿದರೂ ಒಂದೇ ಉತ್ತರ.

ಹಳೇ ಟೂಲ್‌ಚೈನ್‌ನಲ್ಲಿ (ಕಂಪೈಲರ್, ಲಿಂಕರ್ ಎಲ್ಲ ಸೇರಿದ ಕಟ್ಟಿನಲ್ಲಿ) ಎಂಪಿಎಫ್‌ಆರ್ ದೂರು ಬಂದಾಗ ಜನ ಮೊದಲು ಮಾಡುವುದು ಜಿಸಿಸಿ ಕಮಾಂಡ್ ಮೇಲೆ ಎಲ್‌ಡಿಡಿ ಓಡಿಸುವುದು. ಒಂದು ಪ್ರೋಗ್ರಾಂಗೆ ಯಾವ ಯಾವ ಲೈಬ್ರರಿ ಬೇಕು, ಎಲ್ಲಿ ಸಿಕ್ಕಿವೆ ಎಂದು ಎಲ್‌ಡಿಡಿ ತೋರಿಸುತ್ತದೆ. ಆದರೆ ಇಲ್ಲಿ ಎಲ್ಲವೂ ಸರಿ ಎನ್ನುತ್ತದೆ! ಎಂಪಿಎಫ್‌ಆರ್ ಹೆಸರೇ ಇರುವುದಿಲ್ಲ.

ಯಾಕೆಂದರೆ ನಾವು ಟೈಪ್ ಮಾಡುವ ಜಿಸಿಸಿ ಬರೀ ಮೇಸ್ತ್ರಿ. ನಿಜವಾಗಿ ಸಿ ಕೋಡನ್ನು ಅನುವಾದಿಸುವುದು ಸಿಸಿ1 ಎಂಬ ಇನ್ನೊಂದು ಪ್ರೋಗ್ರಾಂ. ಅದು ಟೂಲ್‌ಚೈನ್‌ನ ಒಳಗೆಲ್ಲೋ ಆಳದ ಡೈರೆಕ್ಟರಿಯಲ್ಲಿ ಇರುತ್ತದೆ. ಎಂಪಿಎಫ್‌ಆರ್ ಕೇಳುವುದು ಅದು. ದೂರಿನ ಸಾಲಿನ ಆರಂಭ ನೋಡಿ, ಅಲ್ಲೇ ಸಿಸಿ1 ಎಂದು ಬರೆದಿರುತ್ತದೆ. ಜಿಸಿಸಿಗೆ 'ಪ್ರಿಂಟ್-ಪ್ರೋಗ್-ನೇಮ್' ಆಯ್ಕೆ ಕೊಟ್ಟು ಸಿಸಿ1 ಎಂದು ಕೇಳಿದರೆ ಅದರ ಪೂರ್ತಿ ದಾರಿ ಹೇಳುತ್ತದೆ. ಎಲ್‌ಡಿಡಿ ಓಡಿಸಬೇಕಾದದ್ದು ಅದರ ಮೇಲೆ. ಮೊದಲ ಪ್ರಶ್ನೆ 'ಯಾರು ಕೇಳುತ್ತಿದ್ದಾರೆ' ಎಂದು ಇಟ್ಟದ್ದು ಇದಕ್ಕೇ.

ಇದಕ್ಕಿಂತ ಜಟಿಲ, ಜಿಸಿಸಿಯನ್ನೇ ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಬರುವ ದೂರು. ಎಂಪಿಎಫ್‌ಆರ್‌ನ್ನು ಒಪಿಟಿ ಡೈರೆಕ್ಟರಿ ಒಳಗೆ ಎಲ್ಲೋ ಹಾಕಿ, ಬಿಲ್ಡ್‌ಗೆ ಮುಂಚೆ ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟ್‌ಗೆ 'ವಿತ್-ಎಂಪಿಎಫ್‌ಆರ್' ಎಂದು ದಾರಿ ಕೊಟ್ಟಿರುತ್ತೀರಿ. ಬಹಳ ಹೊತ್ತು ಬಿಲ್ಡ್ ಓಡುತ್ತದೆ. ಆಮೇಲೆ 'ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್' ಎಂದು ನಿಲ್ಲುತ್ತದೆ. ಆಬ್ಜೆಕ್ಟ್ ಫೈಲ್‌ಗಳ ಹೆಸರಿನ ಬಾಲ ಏನೆಂದು ತಿಳಿಯಲಿಲ್ಲವಂತೆ! ಲೈಬ್ರರಿ ಎಂಬ ಪದವೇ ಇಲ್ಲ.

ನಡೆದದ್ದು ಇಷ್ಟು. ಹೊಸ ಸಿಸಿ1 ತಯಾರಾಗಿದೆ. 'ವಿತ್-ಎಂಪಿಎಫ್‌ಆರ್' ಹೇಳಿದ್ದರಿಂದ ಲಿಂಕರ್‌ಗೆ ಲೈಬ್ರರಿ ಸಿಕ್ಕಿದೆ. ಆದರೆ ಆ ಆಯ್ಕೆ ಲೋಡರ್‌ಗೆ ಏನೂ ಹೇಳುವುದಿಲ್ಲ. ಈಗ ಬಿಲ್ಡ್‌ನ ಮುಂದಿನ ಹಂತ, ಅಂದರೆ ಜಿಸಿಸಿಯ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿಯ ಬಿಲ್ಡ್, ಹೊಸ ಕಂಪೈಲರ್‌ಗೆ ಒಂದು ಪುಟ್ಟ ಕೋಡ್ ಕೊಟ್ಟು 'ಇದನ್ನು ಕಂಪೈಲ್ ಮಾಡು, ಔಟ್‌ಪುಟ್ ಹೆಸರು ಹೇಗಿರುತ್ತದೆ ನೋಡೋಣ' ಎನ್ನುತ್ತದೆ. ಸಿಸಿ1 ಏಳುವ ಮೊದಲೇ ಲೋಡರ್ ಕೈಚೆಲ್ಲುತ್ತದೆ. ಔಟ್‌ಪುಟ್ ಬರಲಿಲ್ಲ, ಬಾಲ ಗೊತ್ತಾಗಲಿಲ್ಲ. ಪರದೆಯ ಮೇಲೆ ಬಂದದ್ದು ಪರಿಣಾಮ ಮಾತ್ರ.

ಕಾರಣ ಕಾನ್ಫಿಗ್.ಲಾಗ್ ಎಂಬ ಫೈಲ್‌ನಲ್ಲಿ ಇರುತ್ತದೆ. ಬಿಲ್ಡ್ ಡೈರೆಕ್ಟರಿಯಲ್ಲಿ ಅದೇ ಹೆಸರಿನ ಎಷ್ಟೋ ಫೈಲ್‌ಗಳಿರುತ್ತವೆ. ಮೇಲಿನ ಹಂತದ್ದನ್ನು ನೋಡಿ ಪ್ರಯೋಜನ ಇಲ್ಲ. ನಮ್ಮ ಪ್ರೊಸೆಸರ್ ಬಗೆಯ ಹೆಸರಿನ ಡೈರೆಕ್ಟರಿ, ಅದರೊಳಗಿನ ಲಿಬ್‌ಜಿಸಿಸಿ, ಅಲ್ಲಿನ ಕಾನ್ಫಿಗ್.ಲಾಗ್ ನೋಡಬೇಕು. ಅದರಲ್ಲಿ 'ಎರರ್ ವೈಲ್ ಲೋಡಿಂಗ್' ಎಂಬ ಪರಿಚಿತ ಸಾಲು ಸಿಗುತ್ತದೆ.

ಇದಕ್ಕೆ ಜಿಸಿಸಿಯವರೇ ಒಂದು ಸಲೀಸಾದ ದಾರಿ ಇಟ್ಟಿದ್ದಾರೆ. ಸೋರ್ಸ್‌ನ ಕಾಂಟ್ರಿಬ್ ಡೈರೆಕ್ಟರಿಯಲ್ಲಿ ಡೌನ್‌ಲೋಡ್_ಪ್ರಿರಿಕ್ವಿಸಿಟ್ಸ್ ಎಂಬ ಸ್ಕ್ರಿಪ್ಟ್ ಇದೆ. ಅದು ಸರಿಯಾದ ಆವೃತ್ತಿಯ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿಗಳನ್ನು ತಂದು ಸೋರ್ಸ್ ಒಳಗೇ ಇಡುತ್ತದೆ. ಆಮೇಲೆ ಬಿಲ್ಡ್ ಮಾಡಿದರೆ ಅವು ಸ್ಟ್ಯಾಟಿಕ್ ಆಗಿ ಸೇರಿಕೊಳ್ಳುತ್ತವೆ. ಓಡುವಾಗ ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಡಿಸ್ಟ್ರೊದ ಡೆವ್ ಪ್ಯಾಕೇಜ್‌ಗಳನ್ನು ಬಳಸಿದರೂ ಆಯಿತು. ಮಧ್ಯದ ದಾರಿ, ಅಂದರೆ ಒಂದೊಂದನ್ನೂ ಕೈಯಾರೆ ಬೇರೆ ಕಡೆ ಹಾಕುವುದು, ಬೇಕೇ ಬೇಕು ಅಂತಿದ್ದರೆ ಮಾತ್ರ.

## ಪತ್ತೆ ಹಚ್ಚುವುದು ಹೇಗೆ?

ಎಲ್‌ಡಿಡಿ ಔಟ್‌ಪುಟ್‌ನಲ್ಲಿ 'ನಾಟ್ ಫೌಂಡ್' ಎಂದಿರುವ ಸಾಲುಗಳೇ ನಮಗೆ ಬೇಕಾದವು. ಸಿಕ್ಕಿರುವ ಸಾಲುಗಳ ದಾರಿಯನ್ನೂ ಓದಿ. ಕೆಲವೊಮ್ಮೆ ಲೈಬ್ರರಿ ಸಿಕ್ಕಿರುತ್ತದೆ, ಆದರೆ ತಪ್ಪು ಪ್ರತಿ ಸಿಕ್ಕಿರುತ್ತದೆ. ಕೊಂಡಾ ಥರದ ಪೈಥಾನ್ ಪರಿಸರಗಳು ತಮ್ಮದೇ ಲಿಬ್‌ಎಸ್‌ಟಿಡಿಸಿ++ (ಸಿ++ ಪ್ರೋಗ್ರಾಂಗಳಿಗೆ ಬೇಕಾದ ಲೈಬ್ರರಿ) ಇಟ್ಟುಕೊಂಡಿರುತ್ತವೆ. ಅದು ಸಿಸ್ಟಮ್‌ನದ್ದಕ್ಕಿಂತ ಹಳೆಯದಾಗಿದ್ದು ಅದೇ ಮೊದಲು ಲೋಡ್ ಆದರೆ, 'ಇಂಥ ವರ್ಶನ್ ನಾಟ್ ಫೌಂಡ್' ಎಂಬ ದೂರು ಬರುತ್ತದೆ.

ಒಂದು ಎಚ್ಚರಿಕೆ. ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಫೈಲ್ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಬದಲಿಗೆ ರೀಡ್‌ಎಲ್ಫ್ ಕಮಾಂಡ್‌ಗೆ ಹೈಫನ್ ಡಿ ಕೊಟ್ಟರೆ ಫೈಲ್ ಓದಿ ಮಾತ್ರ ಹೇಳುತ್ತದೆ. ಬೇಕಾದ ಲೈಬ್ರರಿಗಳು 'ನೀಡೆಡ್' ಸಾಲುಗಳಲ್ಲಿ, ಸೋನೇಮ್, ಆರ್‌ಪಾತ್, ರನ್‌ಪಾತ್ ಎಲ್ಲವೂ ಅದರಲ್ಲಿ ಕಾಣುತ್ತವೆ.

ಇಷ್ಟಕ್ಕೂ ತಿಳಿಯದಿದ್ದರೆ ಲೋಡರ್‌ನನ್ನೇ ಕೇಳಬಹುದು. ಎಲ್‌ಡಿ_ಡೀಬಗ್ ಎಂಬ ವೇರಿಯಬಲ್‌ಗೆ 'ಲಿಬ್ಸ್' ಎಂದು ಕೊಟ್ಟು ಪ್ರೋಗ್ರಾಂ ಓಡಿಸಿದರೆ, ಯಾವ ಹೆಸರಿಗೆ ಯಾವ ಡೈರೆಕ್ಟರಿಯಲ್ಲಿ ನೋಡಿದೆ ಎಂದು ಸಾಲು ಸಾಲಾಗಿ ಹೇಳುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನನ್ನ ಪ್ರಕಾರ ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನೇ ಇಡಬೇಕು.

ಬೇಕಾದ ಫೈಲ್ ಯಾವ ಪ್ಯಾಕೇಜ್‌ನಲ್ಲಿದೆ ಎಂದು ತಿಳಿಯಲು ಉಬುಂಟುವಿನಲ್ಲಿ ಆಪ್ಟ್-ಫೈಲ್, ಫೆಡೊರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್ ಇವೆ.

## ಸುಲಭ ಎಂದು ಕಾಣುವ ದಾರಿಗಳು

ಅತಿ ಹೆಚ್ಚು ಸಿಗುವ ಸಲಹೆ: 'ಎಸ್‌ಒ.6ಕ್ಕೆ ಎಸ್‌ಒ.4 ಎಂದು ಒಂದು ಸಿಮ್‌ಲಿಂಕ್ ಹಾಕಿಬಿಡಿ.' ಲೋಡರ್ ಹೆಸರು ನೋಡಿ ಒಪ್ಪಿಕೊಳ್ಳುತ್ತದೆ. ದೂರು ಹೋಗುತ್ತದೆ. ಆದರೆ ನಂಬರ್ ಏರಿಸಿದ್ದೇ ಒಳಗೆ ಹೊಂದಾಣಿಕೆ ಮುರಿದಿದೆ ಎಂದು ಹೇಳಲು. ಓಪನ್‌ಎಸ್‌ಎಸ್‌ಎಲ್ 3ನ್ನು 1.1 ಎಂದು ತೋರಿಸಿದರೆ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ, ಯಾಕೆಂದರೆ ಅದರ ಫಂಕ್ಷನ್‌ಗಳಿಗೂ ಆವೃತ್ತಿಯ ಗುರುತು ಇದೆ. 'ಓಪನ್‌ಎಸ್‌ಎಸ್‌ಎಲ್_1_1_0 ನಾಟ್ ಫೌಂಡ್' ಎಂದು ಲೋಡರ್ ನಿಲ್ಲಿಸುತ್ತದೆ. ಎಂಪಿಎಫ್‌ಆರ್‌ನಲ್ಲಿ ಆ ಕಾವಲು ಇಲ್ಲ. ಕಂಪೈಲರ್ ಓಡುತ್ತದೆ. ಬಹಳಷ್ಟು ಸಲ ಸರಿಯಾಗಿಯೇ ಓಡಬಹುದು. ಓಡದಿದ್ದರೆ ಒಂದೋ ಕ್ರ್ಯಾಶ್ ಆಗುತ್ತದೆ, ಇಲ್ಲವೇ ನಿಮ್ಮ ಪ್ರೋಗ್ರಾಂನಲ್ಲಿ ತಪ್ಪು ಸಂಖ್ಯೆ ತುಂಬಿ ಸುಮ್ಮನಿರುತ್ತದೆ. ಕ್ರ್ಯಾಶ್ ಆಗುವುದೇ ವಾಸಿ.

ಇನ್ನೊಂದು, ಎಲ್‌ಡಿ_ಲೈಬ್ರರಿ_ಪಾತ್ ಅನ್ನು ಟರ್ಮಿನಲ್ ತೆರೆದಾಗೆಲ್ಲ ಓದುವ ಬ್ಯಾಶ್ಆರ್‌ಸಿ ಫೈಲ್‌ನಲ್ಲಿ ಬರೆದು ಮರೆತುಬಿಡುವುದು. ಆಮೇಲೆ ಆ ಟರ್ಮಿನಲ್‌ನಿಂದ ಓಡುವ ಪ್ರತಿ ಪ್ರೋಗ್ರಾಂ ಮೊದಲು ಅಲ್ಲೇ ಹುಡುಕುತ್ತದೆ. ಒಂದು ಟೂಲ್ ಸರಿಮಾಡಲು ಹೋಗಿ ನಾಲ್ಕು ಕೆಡುತ್ತವೆ. ಇದರಲ್ಲಿ ಕಣ್ಣಿಗೆ ಕಾಣದ ಒಂದು ಗುಂಡಿಯೂ ಇದೆ. ಹೊಸ ದಾರಿ ಬರೆದು, ಕೋಲನ್ ಹಾಕಿ, ಹಳೇ ಬೆಲೆಯನ್ನು ಸೇರಿಸುವುದು ವಾಡಿಕೆ. ಹಳೇ ಬೆಲೆ ಖಾಲಿಯಾಗಿದ್ದರೆ ಕೊನೆಯಲ್ಲಿ ಬರೀ ಕೋಲನ್ ಉಳಿಯುತ್ತದೆ. ಲೋಡರ್‌ಗೆ ಅದರ ಅರ್ಥ 'ಈಗ ನಿಂತಿರುವ ಡೈರೆಕ್ಟರಿಯಲ್ಲೂ ನೋಡು'. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಕಾನ್ಫಿಗರ್ ಇದನ್ನು ಕಂಡರೆ ಬಿಲ್ಡ್ ಮಾಡಲು ಒಪ್ಪುವುದೇ ಇಲ್ಲ.

ಈ ವೇರಿಯಬಲ್ ಕೆಟ್ಟದ್ದಲ್ಲ, ಎಲ್ಲ ಕಡೆ ಹರಡುವುದು ಕೆಟ್ಟದ್ದು. ಹಳೇ ಎಂಪಿಎಫ್‌ಆರ್ 3.1.6 ಅನ್ನು ಸೋರ್ಸ್‌ನಿಂದ ಒಂದು ಪ್ರತ್ಯೇಕ ಡೈರೆಕ್ಟರಿಗೆ ಬಿಲ್ಡ್ ಮಾಡಿ, ಆ ಟೂಲ್ ಒಂದಕ್ಕೆ ಮಾತ್ರ ದಾರಿ ಹೊಂದಿಸಿ ಓಡಿಸುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದುಕೊಳ್ಳಿ. ಸೋನೇಮ್ ಬೇರೆ ಇರುವುದರಿಂದ ಹಳೆಯದೂ ಹೊಸದೂ ಒಂದೇ ಸಿಸ್ಟಮ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಸ್ಕ್ರಿಪ್ಟ್ ಬೇಡವಾದರೆ ಪ್ಯಾಚ್‌ಎಲ್ಫ್ ಎಂಬ ಟೂಲ್ ಬಳಸಿ ಸಿಸಿ1 ಫೈಲ್ ಒಳಗೇ ದಾರಿ ಬರೆಯಬಹುದು. ಕೆಲವು ಡಿಸ್ಟ್ರೊಗಳೇ ಹಳೇ ಲೈಬ್ರರಿಗೆ ಪ್ಯಾಕೇಜ್ ಕೊಡುತ್ತವೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1ಕ್ಕೆ ಅಂಥದ್ದೊಂದಿದೆ. ಆದರೆ ಮೂಲ ಓಪನ್‌ಎಸ್‌ಎಸ್‌ಎಲ್ 1.1.1ರ ಉಚಿತ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ಇಂಟರ್ನೆಟ್‌ಗೆ ತೆರೆದಿರುವ ಕೆಲಸಕ್ಕೆ ಎಲ್ಲೋ ಸಿಕ್ಕ ಹಳೇ ಪ್ರತಿ ಹಾಕುವುದು ಬೇಡ.

## ಫೈಲ್ ಕಣ್ಣೆದುರೇ ಇದ್ದರೂ 'ಇಲ್ಲ' ಎಂದರೆ

ಕೆಲವೊಮ್ಮೆ ಲೈಬ್ರರಿ ಅಲ್ಲ, ನೀವು ಓಡಿಸಿದ ಪ್ರೋಗ್ರಾಂ ಫೈಲೇ 'ನಾಟ್ ಫೌಂಡ್' ಎಂದು ಬರುತ್ತದೆ. ಪಟ್ಟಿ ಮಾಡಿದರೆ ಫೈಲ್ ಅಲ್ಲೇ ಇದೆ. ಅಲ್ಲಿ ಕಾಣೆಯಾಗಿರುವುದು ಲೋಡರ್. ಡೈನಮಿಕ್ ಆಗಿ ಲಿಂಕ್ ಆದ ಪ್ರತಿ ಪ್ರೋಗ್ರಾಂ ಒಳಗೂ ತನ್ನ ಲೋಡರ್‌ನ ಪೂರ್ತಿ ವಿಳಾಸ ಬರೆದಿರುತ್ತದೆ. ಡಾಕರ್‌ನಲ್ಲಿ (ಪ್ರೋಗ್ರಾಂ ಅನ್ನು ಬೇರೊಂದು ಪುಟ್ಟ ಲಿನಕ್ಸ್ ಪರಿಸರದ ಒಳಗೆ ಓಡಿಸುವ ಟೂಲ್) ಜನಪ್ರಿಯವಾದ ಆಲ್ಪೈನ್ ಲಿನಕ್ಸ್ ಬಳಸುವುದು ಮಸಲ್ ಎಂಬ ಬೇರೆ ಸಿ ಲೈಬ್ರರಿ. ಉಬುಂಟುವಿನಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಂ ಕೇಳುವ ಲೋಡರ್ ಅಲ್ಲಿಲ್ಲ. 32 ಬಿಟ್ ಲೋಡರ್ ಹಾಕಿರದ 64 ಬಿಟ್ ಸಿಸ್ಟಮ್‌ನಲ್ಲಿ 32 ಬಿಟ್ ಟೂಲ್ ಓಡಿಸಿದರೂ ಇದೇ ಕಥೆ. 'ಫೈಲ್' ಎಂಬ ಕಮಾಂಡ್ ಕೊಟ್ಟರೆ ಯಾವ ಬಗೆ, ಯಾವ ಲೋಡರ್ ಎಂಬುದು ತಿಳಿಯುತ್ತದೆ.

ಇನ್ನುಳಿದದ್ದು 'ಜಿಲಿಬ್‌ಸಿ_2.34 ನಾಟ್ ಫೌಂಡ್' ಎಂಬ ದೂರು. ಇದು ತಿರುವುಮುರುವು ಸಮಸ್ಯೆ: ಪ್ರೋಗ್ರಾಂ ಹೊಸದು, ಸಿಸ್ಟಮ್ ಹಳೆಯದು. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35 ಇದೆ, 20.04ರಲ್ಲಿ 2.31. ಹಳೆಯದರಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುವಂತೆ ಜಿಲಿಬ್‌ಸಿ ನೋಡಿಕೊಳ್ಳುತ್ತದೆ. ಹೊಸದರಲ್ಲಿ ಬಿಲ್ಡ್ ಮಾಡಿದ್ದು ಹಳೆಯದರಲ್ಲಿ ಓಡುತ್ತದೆ ಎಂಬ ಭರವಸೆ ಇಲ್ಲ. ಬೇರೆ ಸಿಸ್ಟಮ್‌ನಿಂದ ಜಿಲಿಬ್‌ಸಿ ಫೈಲ್ ತಂದು ಹಳೆಯದರ ಮೇಲೆ ಬರೆಯಲು ಹೋಗಬೇಡಿ. ಲೋಡರ್‌ಗೂ ಅದಕ್ಕೂ ಜೋಡಿ ತಪ್ಪಿದರೆ ಫೈಲ್ ಕಾಪಿ ಮಾಡುವ ಕಮಾಂಡೂ ಓಡುವುದಿಲ್ಲ, ಸರಿಪಡಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬೇರೆಯವರಿಗೆ ಬೈನರಿ ಹಂಚುವವರು ತಾವು ಬೆಂಬಲಿಸುವ ಅತಿ ಹಳೇ ಸಿಸ್ಟಮ್‌ನಲ್ಲೇ ಬಿಲ್ಡ್ ಮಾಡುವುದು ಇದಕ್ಕೇ. ಪೈಥಾನ್ ಜಗತ್ತಿನ ಮೆನಿಲಿನಕ್ಸ್2014 ಎಂಬ ಕಟ್ಟಳೆ ನಿಂತಿರುವುದು ಸೆಂಟ್‌ಒಎಸ್ 7ರ ಮೇಲೆ, ಅಂದರೆ ಜಿಲಿಬ್‌ಸಿ 2.17ರ ಮೇಲೆ. ಹಳೇ ಟೂಲ್‌ಚೈನ್ ಬಳಸುವವರು ಇದೇ ಉಪಾಯವನ್ನು ತಿರುಗಿಸಿ ಬಳಸಬಹುದು. ಉಬುಂಟು 16.04ರ ಡಾಕರ್ ಇಮೇಜ್ ತಂದು, ಪ್ರಾಜೆಕ್ಟ್ ಫೋಲ್ಡರನ್ನು ಅದರೊಳಗೆ ಮೌಂಟ್ ಮಾಡಿ, ಅಲ್ಲೇ ಎಂಪಿಎಫ್‌ಆರ್‌ನ ಹಳೇ ಪ್ಯಾಕೇಜ್ ಹಾಕಿ ಬಿಲ್ಡ್ ಮಾಡಿದರೆ, ಹೊರಗಿನ 24.04ರಲ್ಲಿ ಒಂದು ಸಿಮ್‌ಲಿಂಕ್ ಕೂಡ ಹಾಕಬೇಕಾಗಿಲ್ಲ.